ಖಾಲಿ ಡಬ್ಬಿಯ ವ್ಯಾಪಾರ

ನಮ್ಮ ಮನೆಗೆ ಒಂದು ಸೂಜಿ ತರಬೇಕಾದರೂ ಮೂರು ಗಂಡಸರು ಪಡಸಾಲೆಯಲ್ಲಿ ಕೂತು ಮಾತಾಡಬೇಕು. ಸೂಜಿ ಹಿಡಿಯುವವಳು ನಾನು, ಅದರ ಕಣ್ಣು ಸಣ್ಣದಿರಬೇಕೋ ದೊಡ್ಡದಿರಬೇಕೋ ಅಂತ ತೀರ್ಮಾನಿಸುವವರು ಅವರು. ಒಬ್ಬರು ನನ್ನ ಮಾವ, ನರಗುಂದದ ಕಾಳಿನ ಪೇಟೆಯಲ್ಲಿ ಅಡತಿ ಅಂಗಡಿ ಇಟ್ಟವರು. ಇನ್ನೊಬ್ಬ ನನ್ನ ಮೈದುನ, ಗದಗದಲ್ಲಿ ಕಂಪ್ಯೂಟರ್ ಕೋರ್ಸನ್ನು ಅರ್ಧಕ್ಕೆ ಬಿಟ್ಟು ಬಂದು ಪೂರ್ತಿ ಪಂಡಿತನಾದವನು. ಮೂರನೆಯವರು ನನ್ನ ಯಜಮಾನರು. ಅವರ ಬಾಯಲ್ಲಿ ಇದ್ದದ್ದು ಒಂದೇ ಮಾತು, 'ನೋಡೂಣು'. ಮನೆಗೆ ಬೆಂಕಿ ಬಿದ್ದರೂ ಅವರು ಮೊದಲು ನೋಡೂಣು ಅಂದು ಆಮೇಲೆ ಕೊಡ ಹುಡುಕುವ ಜಾತಿ.

ಇಂಥ ಮನೆಯಲ್ಲಿ ನನಗೊಂದು ಸ್ಯಾಂಪ್ಲರ್ ಬೇಕಾಯಿತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಆಗ ನರಗುಂದದಲ್ಲಿ ಆ ಹೆಸರು ಕೇಳಿದರೆ ಜನ ಅದನ್ನು ಹೊಟ್ಟೆನೋವಿನ ಔಷಧಿ ಅಂದುಕೊಳ್ಳುತ್ತಿದ್ದರು.

ಯಾಕೆ ಬೇಕಾಯಿತು ಅಂತ ಹೇಳದಿದ್ದರೆ ನೀವೂ ನನ್ನನ್ನು ಹುಚ್ಚಿ ಅಂತೀರಿ. ನನ್ನ ತವರು ಸವಡಿ. ಮೊಹರಂ ಬಂದರೆ ಅಲಾವಿ ಬೆಂಕಿಯ ಕುಣಿಯ ಸುತ್ತ ಹಲಗೆಯೂ ತಾಸೆಯೂ ಬಡಿದು ಊರಿಗೆ ಊರೇ ಕಾಲು ಎತ್ತಿ ಹಾಕುತ್ತಿತ್ತು. ನನ್ನ ವಾರಿಗೆಯ ಗಂಡುಹುಡುಗರು ಹಲಗೆಯವರ ಬೆನ್ನು ಹತ್ತಿ ಕೋಲು ಇಸಿದುಕೊಂಡು ಒಂದೆರಡು ಪೆಟ್ಟು ಹಾಕಿ ಬರುತ್ತಿದ್ದರು. ನಾನು ಮನೆಗೆ ಬಂದು ಹಿಟ್ಟಿನ ಡಬ್ಬಿಯ ಮೇಲೆ ಅದೇ ಪೆಟ್ಟು ಹುಡುಕುತ್ತಿದ್ದೆ. ಸಿಕ್ಕುತ್ತಿತ್ತು ಕೂಡ! ಸಿಕ್ಕಿದ ಕೂಡಲೇ ನನ್ನವ್ವ ಒಳಗಿಂದ ಓಡಿ ಬಂದು ಕೈಮೇಲೆ ಹಾಕುತ್ತಿದ್ದಳು. "ಹೆಣ್ಣಹುಡುಗಿ ಬಾರಿಸಿದ್ರ ಮನಿಗೆ ಚಲೋ ಅಲ್ಲ, ಕೈ ಸುಮ್ನ ಇಟಗೋ." ಮದುವೆಯಾಗಿ ನರಗುಂದಕ್ಕೆ ಬಂದೆ. ನನ್ನ ಬೆರಳು ಊಟದ ತಾಟಿನ ಅಂಚಿನ ಮೇಲೆ ಆಡಿದ್ದೇ ತಡ, ಅತ್ತೆಯವರೂ ಅದನ್ನೇ ಅಂದರು. ಬೀಗಿತ್ತಿಯರು ಮಾತಾಡಿಕೊಂಡು ಬಂದ ಹಾಗಿತ್ತು. ಹಾಡು ಅಂದರೆ ಹಾಡಬಹುದು, ಸೋಬಾನ, ಜೋಗುಳ, ಎಷ್ಟಾದರೂ. ಬಾರಿಸುವುದು ಮಾತ್ರ ಗಂಡಸರ ಸೊತ್ತು. ನನಗೋ ಹಾಡು ಒಂದು ಸಾಲೂ ನೆಟ್ಟಗೆ ಬರುವುದಿಲ್ಲ, ಬೆರಳು ಮಾತ್ರ ಸುಮ್ಮನಿರುವುದಿಲ್ಲ. ಸಂಕಟ ಆಗುತ್ತಿತ್ತು, ಖರೇ ಹೇಳುತ್ತೇನೆ.

ಒಮ್ಮೆ ರೋಣದಲ್ಲಿ ನಮ್ಮ ಸಂಬಂಧಿಕರ ಮದುವೆ. ಗಜೇಂದ್ರಗಡದ ಆರ್ಕೆಸ್ಟ್ರಾ ಕರೆಸಿದ್ದರು. ವೇದಿಕೆಯ ಮೂಲೆಯಲ್ಲಿ ಒಬ್ಬ ಎಲೆ ಅಡಿಕೆ ಜಗಿಯುತ್ತ, ರೊಟ್ಟಿ ತಾಟಿನಷ್ಟು ಅಗಲದ ಒಂದು ಡಬ್ಬಿಯ ಮೇಲೆ ಬರೀ ಬೆರಳಿನಿಂದ ಒತ್ತುತ್ತಿದ್ದ. ಡಬ್ಬಿಯ ಮೈಮೇಲೆ ರಬ್ಬರಿನ ಚೌಕಗಳು. ಒಂದು ಒತ್ತಿದರೆ ಢೋಲಕ್, ಇನ್ನೊಂದು ಒತ್ತಿದರೆ ಗೆಜ್ಜೆ. ಊಟದ ಹೊತ್ತಿಗೆ ವೇದಿಕೆ ಖಾಲಿಯಾದಾಗ ನಾನು ಅದರ ಹತ್ತಿರ ಹೋಗಿ ಇಣುಕಿದೆ. ಆತ ಬಲು ಖುಷಿಯಿಂದ, "ಇದಕ್ಕ ಸ್ಯಾಂಪ್ಲರ್ ಅಂತಾರ್ರಿ. ಏನರ ಸಪ್ಪಳ ಮಾಡ್ರಿ ಅಕ್ಕಾರ, ಇದ್ರಾಗ ತುಂಬತೇನಿ" ಅಂದ. ಕೈ ಕೊಡವಿದೆ. ಬಳೆ ಸದ್ದಾಯಿತು. ಆತ ಒಂದು ಚೌಕ ತೋರಿಸಿ "ಒತ್ರಿ" ಅಂದ. ಒತ್ತಿದೆ. ನನ್ನ ಬಳೆ! ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ, ಒತ್ತಿದಷ್ಟು ಸಲ ನನ್ನದೇ ಬಳೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದರೆ ಪಕ್ಕದಲ್ಲಿ ಕೂತವರಿಗೂ ಕೇಳುವುದಿಲ್ಲ ಅಂದ. ಯವ್ವಾ, ಇದು ಸೊಸೆಯಂದಿರಿಗೆ ಅಂತಲೇ ಯಾರೋ ಮಾಡಿದ ಡೋಲು ಅನ್ನಿಸಿತು. ನೋಡಿದರೆ ಡೋಲಿನ ಹಾಗೆ ಕಾಣುವುದಿಲ್ಲ, ಬಾರಿಸಿದರೆ ಕೇಳುವುದಿಲ್ಲ.

ಮನೆಗೆ ಬಂದು, ಭಜನೆ ತುಂಬಿಡುವ ಮಷೀನು ಅಂತ ಹೇಳಿದೆ. ಸುಳ್ಳೇನಲ್ಲ, ಬೇಕಾದರೆ ಭಜನೆಯನ್ನೂ ತುಂಬಬಹುದಿತ್ತು. ರೊಕ್ಕ ನಾನು ರವಿಕೆ ಹೊಲಿದು ಗಳಿಸಿದ್ದು. ಆದ್ದರಿಂದ ಆಯ್ಕೆಯೂ ನನ್ನದೇ ಅಂದುಕೊಂಡಿದ್ದೆ ನೋಡಿ, ಎಂಥ ಪೆದ್ದಿ ನಾನು.

ಮೈದುನ ಅಂದೇ ಸಂಜೆ ಪಡಸಾಲೆಯಲ್ಲಿ ಸಭೆ ಸೇರಿಸಿದ. "ವೈನಿ, ನಿಮಗ ಗೊತ್ತಾಗಂಗಿಲ್ಲ. ಕೀಬೋರ್ಡ್ ತಗೋರಿ. ಅದ್ರಾಗ ತಾಳ ಎಲ್ಲಾ ರೆಡಿ ಇರ್ತಾವು, ಒಂದು ಬಟನ್ ಒತ್ತಿ ಸುಮ್ನ ಕುಂದ್ರೋದು."

ಒತ್ತಿ ಸುಮ್ಮನೆ ಕೂಡುವುದಕ್ಕೆ ಕೀಬೋರ್ಡ್ ಯಾಕೆ, ಕರೆಗಂಟೆ ಸಾಕಲ್ಲ! ಅವನ ಗೆಳೆಯನ ಮನೆಯಲ್ಲಿ ಅಂಥದೊಂದು ಇತ್ತು, ನಾನು ನೋಡಿದ್ದೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅನ್ನುವ ಹಾಗೆ ಬೆಳಗಿನಿಂದ ಸಂಜೆವರೆಗೆ ಅದೇ ಡಿಂಗ್ ಚಕ್ ಡಿಂಗ್ ಚಕ್. ಅದರಲ್ಲಿ ಬಾರಿಸುತ್ತಿದ್ದವನು ಯಾವುದೋ ದೇಶದಲ್ಲಿ ಎಂದೋ ಬಾರಿಸಿ ಮನೆಗೆ ಹೋಗಿ ಮಲಗಿದವನು.

ಕೀಬೋರ್ಡ್ ಬೇಡ ಅಂದಾಗ ಅವನು ಕಂಪ್ಯೂಟರಿಗೆ ಬಂದ. ಮನೆಯಲ್ಲಿ ದೊಡ್ಡ ಹೊಟ್ಟೆಯ ಮಾನಿಟರಿನ ಕಂಪ್ಯೂಟರ್ ಒಂದಿತ್ತು, ಅವನದೇ. ಅತ್ತೆ ಹೆಣೆದ ಜಾಳಿಗೆಯ ಬಟ್ಟೆ ಹೊದ್ದು ಮದುವಣಗಿತ್ತಿಯ ಹಾಗೆ ಕೂತಿರುತ್ತಿತ್ತು. "ಇದ್ರಾಗ ಸಾಫ್ಟ್‌ವೇರ್ ಹಾಕಿ ಕೊಡ್ತೇನಿ, ಮೌಸ್‌ಲೇ ಬಾರಿಸ್ರಿ" ಅಂದ. ಮೌಸಿನಿಂದ ಬಾರಿಸುವುದು ಅಂದರೆ ಕಡ್ಡಿಯಿಂದ ರೊಟ್ಟಿ ಬಡಿದ ಹಾಗೆ. ಒತ್ತಿದ ಮೇಲೆ ಸದ್ದು ಯೋಚನೆ ಮಾಡಿ ಮಾಡಿ ಬರುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ನಮ್ಮೂರಲ್ಲಿ ಆಗ ಕರೆಂಟು ಬೀಗರ ಹಾಗೆ, ಬಂದಾಗ ಬಂತು, ಹೋದಾಗ ಹೋಯಿತು. ಅದರ ಮೇಲೆ, ಪ್ರತಿ ಸಲ "ಸ್ವಲ್ಪ ಚಾಲೂ ಮಾಡಿಕೊಡ್ರಿ" ಅಂತ ಆ ಪಂಡಿತನ ಮುಂದೆ ನಿಲ್ಲಬೇಕು. ನಾನು ಬೇಡವೇ ಬೇಡ ಅಂದೆ.

ಮಾವನವರು ಸಭೆ ಮುಗಿಸುವ ಮಾತು ಆಡಿದರು. "ತೂಕ ಇದ್ದದ್ದು ತಗೋರಿ. ಹಗುರ ಮಾಲು ಎಂದೂ ಚಲೋ ಇರಂಗಿಲ್ಲ." ಜೋಳಕ್ಕೂ ಕಡಲೆಗೂ ಅಳಿಯನಿಗೂ ಅವರು ಇಟ್ಟ ಪರೀಕ್ಷೆ ಇದೊಂದೇ.

ಯಜಮಾನರು ನೋಡೂಣು ಅಂದರು. ಆದರೆ ಅವರದೊಂದು ಉಪಕಾರ ಮರೆಯಬಾರದು. ನನ್ನನ್ನು ಸೈಬರ್ ಕೆಫೆಗೆ ಕರೆದುಕೊಂಡು ಹೋಗಿ, ನಾನು ಓದುವಷ್ಟು ಹೊತ್ತು ಪಕ್ಕದ ಕುರ್ಚಿಯಲ್ಲಿ ತೂಕಡಿಸಿದರು. ಅಲ್ಲಿ ಇಂಗ್ಲಿಷ್ ಅಕ್ಷರ ಒಂದೊಂದೇ ಕೂಡಿಸಿ ಓದಿ ನಾನು ತಿಳಿದುಕೊಂಡದ್ದು ಇಷ್ಟು. ಅಗ್ಗದ ಸ್ಯಾಂಪ್ಲರುಗಳಲ್ಲಿ ಕೆಲವಕ್ಕೆ ಮರೆವಿನ ರೋಗ, ಕರೆಂಟು ಹೋದರೆ ತುಂಬಿದ್ದೆಲ್ಲ ಮಾಯ. ನರಗುಂದದಲ್ಲಿ ಅದನ್ನು ಇಟ್ಟುಕೊಂಡರೆ ದಿನಾ ಹೊಸದಾಗಿ ತುಂಬುತ್ತ ಕೂಡಬೇಕು. ಇನ್ನು ಕೆಲವಕ್ಕೆ ಚೌಕಗಳು ಕಲ್ಲಿನ ಹಾಗೆ, ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ದನಿ. ಅದು ನಮ್ಮ ಯಜಮಾನರ ಸ್ವಭಾವ, ಮನೆಯಲ್ಲಿ ಒಂದು ಇದ್ದದ್ದೇ ಸಾಕು. ಸದ್ದು ತುಂಬುವ ಸಮಯ ಬಹಳ ಇರಬೇಕು ಅಂತ ಎಲ್ಲರೂ ಬರೆದಿದ್ದರು. ನನಗೆ ಅದೇನೂ ಬೇಕಿರಲಿಲ್ಲ. ಒಂದು ಪೆಟ್ಟು ತುಂಬಲು ಎಷ್ಟು ಹೊತ್ತು ಬೇಕು? ಬ್ಯಾಟರಿಯ ಮೇಲೆ ನಡೆಯಬೇಕು, ತುಂಬಿದ್ದು ಮೆಮೊರಿ ಕಾರ್ಡಿನಲ್ಲಿ ಉಳಿಯಬೇಕು, ಬೆರಳಿನ ಭಾರ ಅದಕ್ಕೆ ತಿಳಿಯಬೇಕು. ಈ ಮೂರೂ ಇದ್ದದ್ದು ಆ ಗಜೇಂದ್ರಗಡದವನ ಹಳೆಯ ಡಬ್ಬಿಯಲ್ಲೇ. ಆತ ಹೊಸದು ಕೊಳ್ಳುವವನಿದ್ದ. ಹಳೆಯದನ್ನು ಕೊಡುತ್ತೇನೆ ಅಂತ ಫೋನಿನಲ್ಲಿ ಹೇಳಿದ.

ಸೊಸೆ ಒಬ್ಬಳೇ ಗಜೇಂದ್ರಗಡಕ್ಕೆ ಹೋಗಿ ಮಾಲು ನೋಡುವುದುಂಟೇ? ಮಾವ, ಮೈದುನ ಇಬ್ಬರೂ ನನ್ನ ಜೊತೆ ಬಸ್ಸು ಹತ್ತಿದರು. ಯಜಮಾನರು ಅಂಗಡಿ ನೋಡಲು ಉಳಿದರು.

ಅಲ್ಲಿ ಮೈದುನ ಕೇಳಿದ ಮೊದಲ ಪ್ರಶ್ನೆ, "ಇದ್ರಾಗ ಎಷ್ಟ ಹಾಡ ಅದಾವ?"

"ಒಂದೂ ಇಲ್ರಿ. ನನ್ನವು ತಗದೇನಿ. ಈಗ ಖಾಲಿ ಐತಿ. ನೀವು ತುಂಬಿದ್ದ ಇರತೈತಿ" ಅಂದ ಆರ್ಕೆಸ್ಟ್ರಾದವನು.

"ಖಾಲಿ ಡಬ್ಬಿಗೆ ರೊಕ್ಕ ಕೊಡ್ತಾರೇನೋ ಮಾರಾಯಾ? ವೈನಿ, ಖಾಲಿ ಡಬ್ಬಿ ಸಪ್ಪಳ ಭಾಳ ಅಂತಾರ, ಕೇಳಿಲ್ಲೇನು?"

"ಸಪ್ಪಳಕ್ಕ ಅಂತನ ತಗೊಳ್ಳಾಕತ್ತೇನಿ" ಅಂದೆ. ಆರ್ಕೆಸ್ಟ್ರಾದವನು ನಕ್ಕ. ಮೈದುನನ ಮುಖ ಹುಳಿ ಮಜ್ಜಿಗೆ ಕುಡಿದವನ ಹಾಗಾಯಿತು.

ಅಷ್ಟರಲ್ಲಿ ಮಾವನವರು ಡಬ್ಬಿ ಎತ್ತಿ ತೂಗಿ ನೋಡಿದರು, ತಿರುವಿ ಹಾಕಿದರು, ಬೆನ್ನು ತಟ್ಟಿದರು. ಹಲ್ಲು ಎಣಿಸುವುದೊಂದು ಬಾಕಿ. ಕಾಳಿನ ಪೇಟೆಯವರಾದರೂ ಎತ್ತಿನ ಸಂತೆ ಅಂದರೆ ಅವರಿಗೆ ಜೀವ. ಅಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರ ಕೈಮೇಲೆ ಟವೆಲ್ ಹಾಕಿ, ಅದರ ಕೆಳಗೆ ಬೆರಳು ಹಿಡಿದು ಒತ್ತಿ ಬೆಲೆ ಆಡುತ್ತಾರೆ, ಸುತ್ತ ನಿಂತವರಿಗೆ ಗೊತ್ತಾಗಬಾರದು. ಮಾವ ಇಲ್ಲಿಯೂ ಹೆಗಲ ಮೇಲಿನ ಟವೆಲ್ ತೆಗೆದು ಆ ಆರ್ಕೆಸ್ಟ್ರಾದವನ ಕೈಮೇಲೆ ಹಾಕಿಯೇ ಬಿಟ್ಟರು.

ಆತ ಕಚಗುಳಿಗೆ ಮೈಯೆಲ್ಲ ತಿರುಚಿ, "ಕಾಕಾ, ಬಿಡ್ರೀ, ಗುಲಗುಲಿ ಆಕೈತಿ!" ಅಂತ ಕಿರುಚಿದ.

ಮಾವನವರಿಗೆ ಇಂಥ ಅವಮಾನ ಯಾವ ಎತ್ತಿನಿಂದಲೂ ಆಗಿರಲಿಲ್ಲ. ಬಾಯಿಬಿಟ್ಟು ಬೆಲೆ ಮಾತಾಡಬೇಕಾಯಿತು. ಮುಗಿದ ಮೇಲೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಅವನಿಗೆ ಪಾಠ ಹೇಳಿದರು. "ನೋಡಪಾ, ಟವೆಲ್ ಕೆಳಗ ಇರೋ ತನಕ ಮಾತು ಹೆಂಗ ಬೇಕಾದ್ರೂ ತಿರುಗತೈತಿ. ಒಮ್ಮೆ ನಾಕ ಮಂದಿ ಮುಂದ ಟವೆಲ್ ತಗದ್ರ ಮುಗೀತು. ಆಮ್ಯಾಲೆ ಮಾತು ತಿರುಗಂಗಿಲ್ಲ." ಆತ ಹೌದ್ರಿ ಹೌದ್ರಿ ಅಂದ. ಮನಸ್ಸಿಗೆ ಬರದಿದ್ದರೆ ರವಿವಾರದೊಳಗೆ ವಾಪಸ್ ತನ್ನಿ, ಬೇರೆ ಗಿರಾಕಿ ಇದ್ದಾರೆ ಅಂತಲೂ ಸೇರಿಸಿದ. ಆ ಮಾತು ಮೈದುನನ ಕಿವಿಯಲ್ಲಿ ಗಟ್ಟಿ ಕೂತಿತು.

ಮನೆಗೆ ಬಂದ ಡಬ್ಬಿಗೆ ಅತ್ತೆ ಪೂಜೆ ಮಾಡಿದರು. ಹೊಸ ಸಾಮಾನು ಬಂದರೆ ನಮ್ಮಲ್ಲಿ ಬಿಡುವುದಿಲ್ಲ, ಸೈಕಲ್ ಆಗಲಿ ಮಿಕ್ಸರ್ ಆಗಲಿ. ಒಂದೊಂದು ಚೌಕಕ್ಕೂ ಹಸಿ ಅರಿಷಿಣ, ಕುಂಕುಮ, ವಿಭೂತಿ. ಬೇಡ ಅನ್ನುವಷ್ಟರಲ್ಲಿ ಅರಿಷಿಣದ ನೀರು ಮೂಲೆಯ ಚೌಕದೊಳಗೆ ಇಳಿಯಿತು. ಆವತ್ತಿನಿಂದ ಆ ಚೌಕ ಒಂದು ಸಲ ಒತ್ತಿದರೆ ಎರಡು ಸಲ ಬಾರಿಸುತ್ತಿತ್ತು. ಅತ್ತೆ ಅಂದರು, "ನೋಡು, ದೇವರು ಒಂದಕ್ಕೆರಡು ಕೊಟ್ಟ."

ಇನ್ನು ತುಂಬುವುದು ಏನು? ಮನೆಯಲ್ಲಿ ಯಾವ ಸದ್ದಿದೆ ಅಂತ ಕಿವಿ ಕೊಟ್ಟು ಕೂತೆ. ಹುಡುಕಬೇಕಾಗಿಯೇ ಇರಲಿಲ್ಲ. ಬೆಳಗಾದರೆ ಅಡುಗೆಮನೆಯಲ್ಲಿ ಅತ್ತೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ಮೊದಲು ಹಿಟ್ಟಿನ ಮುದ್ದೆಯ ಮೇಲೆ ದಪ್ಪ ಪೆಟ್ಟು, ರೊಟ್ಟಿ ತೆಳ್ಳಗಾದಂತೆ ಕಲ್ಲಿನ ದನಿ ಮೇಲಕ್ಕೆ ಬಂದು ಚಟಚಟ, ನಡುವೆ ರೊಟ್ಟಿ ಸರ್ ಅಂತ ತಿರುಗುವುದು, ಕೊನೆಗೆ ಬಳೆ. ಡಬ್ಬಿಯನ್ನು ಹಿಟ್ಟಿನ ಡಬ್ಬಿಗಳ ಸಾಲಿನಲ್ಲಿಟ್ಟು ಎಲ್ಲವನ್ನೂ ತುಂಬಿಕೊಂಡೆ. ಅತ್ತೆ ಅದನ್ನು ರೇಡಿಯೋ ಅಂದುಕೊಂಡು, "ಹಚ್ಚವಾ, ಕೃಷಿ ಸಮಾಚಾರ ಬರೋ ಹೊತ್ತು" ಅಂದರು.

ಮಧ್ಯಾಹ್ನ ಎಲ್ಲರೂ ಹೊರಗೆ ಹೋದ ಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಡಬ್ಬಿಯ ಮೇಲೆ ಒಂದು ಟವೆಲ್ ಮುಚ್ಚಿ, ಅದರ ಕೆಳಗೆ ಕೈಯಿಟ್ಟು ಬಾರಿಸುತ್ತಿದ್ದೆ. ಯಾರಾದರೂ ಬಂದರೆ ಧೂಳಿಗೆ ಮುಚ್ಚಿದ್ದು ಅನ್ನಬಹುದು. ನಮ್ಮೂರ ಎರೆ ಮಣ್ಣಿನ ಧೂಳು ಎಷ್ಟೋ ಸೊಸೆಯಂದಿರನ್ನು ಕಾಪಾಡಿದೆ. ಸವಡಿಯ ಹಲಗೆಯ ನಡೆ ಅತ್ತೆಯ ಅಂಗೈಯಿಂದ ಬರುತ್ತಿತ್ತು, ಮೂಲೆಯ ಅರಿಷಿಣದ ಚೌಕ ಕೊನೆಯಲ್ಲಿ ಜೋಡಿ ಪೆಟ್ಟು ಹಾಕುತ್ತಿತ್ತು. ನನಗೆ ಅಳು ಬಂತು. ಸಂತೋಷಕ್ಕೇ.

ಹಾಗೆ ಒಂದು ಮಧ್ಯಾಹ್ನ ತಲೆ ಎತ್ತಿದರೆ ಮಾವ ಎದುರಿನ ಕುರ್ಚಿಯಲ್ಲಿ ಕೂತಿದ್ದಾರೆ! ಎಷ್ಟು ಹೊತ್ತಾಗಿತ್ತೋ. ನನ್ನ ಮುಖ ನೋಡುತ್ತಿರಲಿಲ್ಲ, ಟವೆಲ್ ನೋಡುತ್ತಿದ್ದರು. ಹೆಡ್‌ಫೋನ್ ತೆಗೆದೆ.

"ಭಜನಿ ಅಲ್ಲ ಅದು" ಅಂದರು.

ನಾನು ಟವೆಲ್ ಕೆಳಗಿನಿಂದ ಕೈ ಹೊರಗೆ ತೆಗೆದೆ.

"ಜೀವಮಾನ ಎಲ್ಲಾ ಟವೆಲ್ ಕೆಳಗಿನ ಬೆರಳ ಓದೇನಿ. ನಿನ್ನ ಕಿವ್ಯಾಗ ಏನ ಬರ್ತೈತೋ ಗೊತ್ತಿಲ್ಲ. ಬೆರಳು ಹಲಿಗಿ ಬಾರಿಸಾಕತ್ತಾವು."

"ಹೌದ್ರಿ ಮಾವಾರ."

ಅವರು ಗಡ್ಡ ಕೆರೆದುಕೊಂಡರು. "ಇರ್ಲಿ. ನಾನೇನು ಕೇಳಿಲ್ಲ, ನೋಡಿಲ್ಲ. ಆದ್ರ ಟವೆಲ್ ಹಂಗ ಇರ್ಲಿ. ಸಪ್ಪಳ ಹೊರಗ ಬರಬಾರ್ದು, ಮಂದಿಗೆ ತಿಳೀಬಾರ್ದು. ನಿಮ್ಮತ್ತಿಗಂತೂ ಮೊದಲ ತಿಳೀಬಾರ್ದು."

ದೊಡ್ಡ ಮನಸ್ಸು! ಆ ಕ್ಷಣಕ್ಕೆ ಕಾಲಿಗೆ ಬೀಳಬೇಕು ಅನ್ನಿಸಿತು. ಅವರು ಎದ್ದುಹೋದ ಮೇಲೆ ಸಿಟ್ಟು ಬಂತು. ನನ್ನ ರೊಕ್ಕ, ನನ್ನ ಬೆರಳು, ಅವರ ಪರವಾನಗಿ. ಅದೂ ಮುಚ್ಚಿಟ್ಟುಕೊಂಡರೆ ಮಾತ್ರ. ಸುತ್ತ ನಿಂತವರಿಗೆ ಗೊತ್ತಾಗದ ಹಾಗೆ ನನ್ನ ಬೆಲೆ ಕಟ್ಟಿ ಹೋಗಿದ್ದರು.

ರವಿವಾರ ಬಂತು. ಮೈದುನ ಬೆಳಿಗ್ಗೆಯೇ ಡಬ್ಬಿಯ ರಟ್ಟಿನ ಪೆಟ್ಟಿಗೆ ಹಿಡಿದು ಪಡಸಾಲೆಯಲ್ಲಿ ನಿಂತ. "ಇವತ್ತಽ ಕಡೀ ದಿನ. ವಾಪಸ್ ಕೊಟ್ಟು ಹುಬ್ಬಳ್ಳಿಗೆ ಹೋಗಿ ಕೀಬೋರ್ಡ್ ತಂದುಬಿಡ್ತೇನಿ. ಈ ಖಾಲಿ ಡಬ್ಬಿ ಮನ್ಯಾಗ ಯಾಕ ಬೇಕು?"

ಮಾವ ಕೆಮ್ಮಿದರು. "ಇರ್ಲಿ ಬಿಡಲೇ, ಭಜನಿಗೆ ಬರ್ತೈತಿ."

"ಎಲ್ಲಿ ಭಜನಿ ಅಪ್ಪಾ? ಒಂದರ ಕೇಳೀರಿ?"

ಮಾವ ನನ್ನನ್ನು ನೋಡಿದರು, ಆಮೇಲೆ ಗೋಡೆ ನೋಡಿದರು. ಟವೆಲ್ ಕೆಳಗೆ ಆಡಿದ ಮಾತು ಹಗಲಿಗೆ ನಿಲ್ಲಲಿಲ್ಲ. ಯಜಮಾನರ ಕಡೆ ತಿರುಗಿದೆ. ಅವರು ನೋಡೂಣು ಅಂದರು. ಮೈದುನ ಆಗಲೇ ಕೈ ಚಾಚಿದ್ದ. ಇದೊಂದು ಹೋದರೆ ನನ್ನ ಬೆರಳಿಗೆ ಮತ್ತೆ ತಾಟಿನ ಅಂಚೇ ಗತಿ, ಅದಕ್ಕೂ ಬೈಗುಳ.

"ಒಂದು ನಿಮಿಷ ತಡೀರಿ" ಅಂದೆ. ಅವನ ಕಂಪ್ಯೂಟರಿನ ಸ್ಪೀಕರ್ ಕಿತ್ತು ತಂದೆ. ಅವನು ಹಾಂ ಹಾಂ ಅನ್ನುತ್ತಲೇ ಇದ್ದ. ಡಬ್ಬಿಗೆ ಸಿಕ್ಕಿಸಿದೆ, ದನಿ ಪೂರ್ತಿ ತಿರುವಿದೆ. ಆಮೇಲೆ ಡಬ್ಬಿಯ ಮೇಲಿನ ಟವೆಲ್ ತೆಗೆದು ಮಾವನವರ ತೊಡೆಯ ಮೇಲೆ ಇಟ್ಟೆ. ಬಾರಿಸಿದೆ.

ಪಡಸಾಲೆಯ ತೊಲೆ ನಡುಗಿತು. ಎದುರು ಮನೆಯವರು ಕಟ್ಟೆಗೆ ಬಂದರು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಸುರು ಮಾಡಲು ಯಾರೂ ಬಿಡುವುದಿಲ್ಲ ಅಂತ ಗೊತ್ತಿತ್ತು.

"ಅವ್ವಾ! ಬಾ ಇಲ್ಲೆ, ನೋಡು ಈಕೀನ!" ಮೈದುನ ಕೂಗಿದ. "ಹೆಣ್ಣಮಕ್ಕಳು ಮನ್ಯಾಗ ಬಾರಿಸಬಾರ್ದು ಅಂತ ನೀನಽ ಅಂತಿದ್ದಿ. ವೈನಿ ಹಲಿಗಿ ಬಾರಿಸಾಕತ್ತಾರ!"

ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಬಾಯಿ ತೆರೆದವರು ಹಾಗೇ ನಿಂತರು. ತಲೆ ಒಂದು ಕಡೆ ವಾಲಿಸಿ ಕೇಳಿದರು. ನಾನು ಬಾರಿಸುತ್ತಲೇ ಇದ್ದೆ.

"ಇದು ನನ್ನ ರೊಟ್ಟಿ ಅಲ್ಲೇನ?" ಅಂದರು.

"ಹೌದ್ರಿ ಅತ್ತಿ. ಎಲ್ಲಾ ನಿಮ್ಮ ಕೈಯಽ. ನಾ ಬರೇ ಒತ್ತಾಕತ್ತೇನಿ."

"ಅವ್ವಾ, ಅದೆಲ್ಲಾ ಇರ್ಲಿ, ಬಾರಿಸೋದು ತಪ್ಪೋ ಅಲ್ಲೋ ಹೇಳು" ಅಂತ ಮೈದುನ ನಡುವೆ ಬಾಯಿ ಹಾಕಿದ.

ಅತ್ತೆ ಮಗನ ಕಡೆ ತಿರುಗಿದರು. "ಹೌದೇನೋ ಶಾಣ್ಯಾ? ಈ ಮನಿಗೆ ಬಂದಾಗಿಂದ ದಿನಾ ಮುಂಜಾನೆ ನಾ ಬಾರಿಸೇನಿ, ನೀನು ನಿಮ್ಮಪ್ಪ ಕುಂತು ತಿಂದೀರಿ. ತಪ್ಪಾಗಿದ್ರ ನಾಳಿಂದ ರೊಟ್ಟಿ ನೀ ಬಡಿ."

ಮೈದುನ ತಂದೆಯ ಮುಖ ನೋಡಿದ. ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಕಟ್ಟೆಯ ಮೇಲೆ ನಿಂತ ನೆರೆಯವರನ್ನೂ ಒಮ್ಮೆ ನೋಡಿದರು. "ಟವೆಲ್ ತಗದಾಳೋ, ನಾಕ ಮಂದಿ ಮುಂದ. ಇನ್ನೇನ್ ಮಾತು?" ಅಂದರು.

ಅತ್ತೆಗೆ ಇದಾವುದೂ ಬೇಕಿರಲಿಲ್ಲ. ಅವರು ನನ್ನ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕೂತು ನನ್ನ ಬೆರಳನ್ನೇ ನೋಡುತ್ತಿದ್ದರು. "ಆ ಮೂರನೇ ಪೆಟ್ಟು ಭಾಳ ಜೋರಾತು. ಹಂಗ ಬಡದ್ರ ರೊಟ್ಟಿ ಹರೀತೈತಿ. ಸರಿ ಅತ್ತಾಗ."

ನಾನು ಸರಿದೆ. ಅತ್ತೆ ಕೈ ಒರೆಸಿಕೊಳ್ಳಲಿಲ್ಲ. ಹಿಟ್ಟಿನ ಬೆರಳನ್ನು ಹಾಗೇ ಚೌಕದ ಮೇಲಿಟ್ಟು ಮೆಲ್ಲಗೆ ಒಂದು, ಮತ್ತೊಂದು, ಆಮೇಲೆ ಗಂಡನ ಮುಂದೆ, ಮಕ್ಕಳ ಮುಂದೆ, ಎದುರು ಮನೆಯವರ ಮುಂದೆ ಎರಡೂ ಕೈಯಿಂದ ಬಾರಿಸತೊಡಗಿದರು. ಒಳಗೆ ಹಂಚಿನ ಮೇಲೆ ರೊಟ್ಟಿ ಹೊತ್ತುವ ವಾಸನೆ ಬಂತು. ಯಾರೂ ಏಳಲಿಲ್ಲ. ಮೈದುನ ಇನ್ನೂ ಅಲ್ಲೇ ನಿಂತಿದ್ದ, ಕೈಯಲ್ಲಿ ಆ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು, ಖಾಲಿಯದು.